ಮೈದಾ ಇಲ್ದೆ ಕೇಕು ಹೆಂಗೆ ಉಬ್ಬತ್ತೆ?

ಮಾವಿನ ಸೀಸನ್ನು ಶುರುವಾದರೆ ಮಗಳಿಗೆಂದು ನಾನು ಮಾಡುವ ರಾಗಿ-ಮಾವಿನ ಕೇಕಿನ ಬಗ್ಗೆ ಈ ಪ್ರಶ್ನೆಯೂ ಶುರು. ಮದುವೆಮನೆಯಲ್ಲಿ, ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ, ಮಗಳ ಸ್ಕೂಲಿನ ಗೇಟಿನ ಮುಂದೆ. "ಮೈದಾ ಇಲ್ದೆ ಕೇಕು ಹೆಂಗೆ ಉಬ್ಬತ್ತೆ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉಬ್ಬುತ್ತೆ. ಮೈದಾದಷ್ಟಲ್ಲ, ಆದರೂ ಚೆನ್ನಾಗಿ ಉಬ್ಬುತ್ತೆ. ಚಪಾತಿ ಹಿಟ್ಟನ್ನು ನಾದಿ ಎಳೆದರೆ ರಬ್ಬರಿನ ಹಾಗೆ ಬರುತ್ತಲ್ಲ, ಆ ಜಿಗುಟೇ ಗ್ಲುಟನ್. ಬೇಕಿಂಗ್ ಪೌಡರ್ ಎಬ್ಬಿಸಿದ ಗಾಳಿಯನ್ನು ಹಿಡಿದಿಡುವುದು ಅದು. ರಾಗಿಯಲ್ಲಿ ಗ್ಲುಟನ್ ಇಲ್ಲ, ಅಕ್ಕಿಯಲ್ಲೂ ಇಲ್ಲ. ಹಾಗಾಗಿ ಮೂರು ಮೊಟ್ಟೆ, ಒಂದು ಚಮಚ ಇಸಬಗೋಲು ಸೇರಿ ಆ ಕೆಲಸ ಮಾಡಬೇಕು.

ಅಳತೆ ಕೇಳುವವರಿಗೆ: ರಾಗಿ ಹಿಟ್ಟು 120 ಗ್ರಾಂ, ಅಕ್ಕಿ ಹಿಟ್ಟು 60, ಬೆಲ್ಲದ ಪುಡಿ 150, ಎಣ್ಣೆ 100 ಮಿ.ಲೀ., ಗಟ್ಟಿ ಮಾವಿನ ರಸ 200 ಮಿ.ಲೀ. ಹಣ್ಣು ಬಾದಾಮಿಯೇ ಆಗಬೇಕು. ಶ್ರೀನಿವಾಸಪುರದ ಕಡೆಯಿಂದ ಬರುವುದು, ತೊಟ್ಟಿನ ಹತ್ತಿರ ಮೂಸಿದರೆ ಘಮ್ಮೆನ್ನುವಂಥದ್ದು. ರಸಪುರಿ ತಿನ್ನಲು ಚಿನ್ನ, ಕೇಕಿಗೆ ನೀರು ಜಾಸ್ತಿ. ನಡುವೆ ಕುಸಿದು ಹೋಗುತ್ತೆ. ಕಾಮಕಸ್ತೂರಿಯ ಹತ್ತು ಹನ್ನೆರಡು ಎಲೆಗಳನ್ನು ಬೆಲ್ಲದ ಪುಡಿಯ ಜೊತೆ ಬೆರಳಲ್ಲೇ ಹೊಸಕಿ. ಬೆಲ್ಲ ಒದ್ದೆಯಾಗಿ ಹಸಿರು ಬಣ್ಣಕ್ಕೆ ತಿರುಗುವವರೆಗೆ ಹೊಸಕುವುದನ್ನು ನಿಲ್ಲಿಸಬೇಡಿ, ಪರಿಮಳವೆಲ್ಲ ಅಲ್ಲಿದೆ. ಎಲೆಯನ್ನು ಹಾಗೇ ಮೇಲೆ ಉದುರಿಸಿದರೆ ಕಪ್ಪಗೆ ಕಮರಿ ಕಹಿಯಾಗುತ್ತೆ. ರಾಗಿ ನಿಧಾನವಾಗಿ ನೀರು ಕುಡಿಯುವ ಧಾನ್ಯ. ಕಲಸಿದ್ದನ್ನು ಅರ್ಧ ಗಂಟೆ ಬಿಟ್ಟು, ಒಲೆಗಿಡುವ ಮುಂಚೆ ಒಂದೂವರೆ ಚಮಚ ಬೇಕಿಂಗ್ ಪೌಡರ್ ಸೇರಿಸಿ, 170 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಚಳಿಗಾಲಕ್ಕೆ ಸೀಬೆಹಣ್ಣು, ಪುದೀನ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಇಷ್ಟಕ್ಕೇ ನಿಂತಿದ್ದರೆ ನನಗೆ ಕೋಪ ಬರುತ್ತಿರಲಿಲ್ಲ. ಇದರ ಹಿಂದೆಯೇ ಬರುತ್ತಲ್ಲ, "ಪಾಪ, ಮಗೂಗೆ ಯಾಕಮ್ಮ ಇಷ್ಟು ಕಟ್ಟುನಿಟ್ಟು? ಒಂದು ಚೂರು ತಿಂದ್ರೆ ಏನಾಗತ್ತೆ?" ಅನ್ನುವುದು, ಅದಕ್ಕೆ ಮೈ ಉರಿಯುತ್ತೆ. ನನ್ನ ಮಗಳಿಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿಯ ಗ್ಲುಟನ್ ಹೊಟ್ಟೆಗೆ ಹೋದರೆ ಅವಳ ದೇಹ ತನ್ನ ಕರುಳಿನ ಒಳಪದರವನ್ನೇ ಹಾಳುಮಾಡಿಕೊಳ್ಳುತ್ತೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಎರಡು ವರ್ಷ ತೂಕ ಏರದೆ, ರಕ್ತ ಕಮ್ಮಿಯಾಗಿ, ಜಂತುಹುಳ ಅಂತ ಔಷಧಿ ಕುಡಿಸಿ ಕುಡಿಸಿ ಆಮೇಲೆ ಗೊತ್ತಾಗಿದ್ದು. ಇದಕ್ಕೆ ಮಾತ್ರೆ ಇಲ್ಲ, ಬದುಕಿರುವಷ್ಟು ದಿನವೂ ಪಥ್ಯವೇ ಮದ್ದು. ಗ್ಲುಟನ್ ಇಲ್ಲದ್ದು ಅಂತ ಚೀಟಿ ಅಂಟಿಸಬೇಕಾದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂ ಮೀರಬಾರದು ಅಂತ ಕಾನೂನೇ ಇದೆ. ನಿಮ್ಮ "ಒಂದು ಚೂರು" ಎಷ್ಟು ತೂಗುತ್ತೆ, ನೀವೇ ನೋಡಿ.

ಕಳೆದ ಜೂನ್‌ನಲ್ಲಿ ಅವಳ ಒಂಬತ್ತನೇ ಹುಟ್ಟಿದಹಬ್ಬ. ಬಂದವರಿಗೆ ಬೇಕರಿ ಕೇಕು, ಅವಳಿಗೆ ನಾನು ಮಾಡಿದ್ದು. ನಮ್ಮೆಜಮಾನರ ದೊಡ್ಡಮ್ಮ ಪ್ರೀತಿಯಿಂದಲೇ ಬೇಕರಿ ಕೇಕು ಕೊಯ್ದು ಹಂಚಿದರು. ಚಾಕುವನ್ನು ತಟ್ಟೆಯ ಅಂಚಿಗೆ ಒರೆಸಿ, ಅದನ್ನೇ ರಾಗಿ ಕೇಕಿನ ನಟ್ಟನಡುವೆ ಇಳಿಸಿದರು. "ಅಜ್ಜೀ, ಚಾಕು!" ಅಂದಳು ಮಗಳು. ಅಷ್ಟರಲ್ಲಿ ಆಗಿಹೋಗಿತ್ತು. ಅಲುಗಿಗೆ ಅಂಟಿದ್ದ ಬಿಳಿ ಕ್ರೀಮು, ಹಳದಿ ಪುಡಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತನ್ನ ಹುಟ್ಟಿದಹಬ್ಬದ ದಿನ ಅವಳು ಒಂದು ಬಾದಾಮಿ ಹಣ್ಣು ಹೆಚ್ಚಿಸಿಕೊಂಡು ತಿಂದಳು. ಅವಳು ಅಳಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಉಬ್ಬುವುದನ್ನು ಬಿಟ್ಟು ಇದನ್ನು ಕೇಳಿ: ಚಾಕು ಬೇರೆ ಇದೆಯಾ? ಹಿಟ್ಟು ಎಲ್ಲಿ ಮಾಡಿಸುತ್ತೀಯ? ಯಾಕೆಂದರೆ ನಿಜವಾದ ಕಷ್ಟ ಅಲ್ಲಿದೆ. ಮಿಲ್ಲಿನಲ್ಲಿ ಈಗಷ್ಟೇ ಗೋಧಿ ಬೀಸಿದ ಕಲ್ಲಿಗೇ ನಮ್ಮ ರಾಗಿ ಸುರಿಯುತ್ತಾರೆ. ರಾಗಿಯಲ್ಲಿ ಗ್ಲುಟನ್ ಇಲ್ಲ ಅನ್ನುವ ಮಾತು ಆ ಕ್ಷಣಕ್ಕೇ ಸುಳ್ಳಾಗುತ್ತೆ. ಹಾಗಾಗಿ ರಾಗಿಯನ್ನು ಮನೆಯಲ್ಲೇ ಆರಿಸಿ, ತೊಳೆದು, ಒಣಗಿಸಿ, ಅದಕ್ಕಂತಲೇ ಇಟ್ಟ ಮಿಕ್ಸಿ ಜಾರಿನಲ್ಲಿ ಸ್ವಲ್ಪ ಸ್ವಲ್ಪವೇ ಪುಡಿ ಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿಯುತ್ತೇನೆ. ಅಕ್ಕಿಯೂ ಹಾಗೇ. ಇಂಗಿನ ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ, ಎಷ್ಟೋ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ನಮ್ಮನೆ ಸಾರಿಗೆ ಈಗ ಬೆಳ್ಳುಳ್ಳಿ ಒಗ್ಗರಣೆ.

ಅಂಥ ಪ್ರಶ್ನೆ ಕೇಳಿದವರು ಇಲ್ಲಿಯವರೆಗೆ ಒಬ್ಬರೇ. ಮಗಳ ಜೊತೆ ಓದುವ ಹುಡುಗಿ. ಹೋದ ತಿಂಗಳು ಆಡಲು ಬಂದವಳು, ನಾನು ಕೇಕು ಹೆಚ್ಚುವಾಗ ಅಡುಗೆಮನೆ ಬಾಗಿಲಲ್ಲೇ ನಿಂತಳು, ಎರಡೂ ಕೈ ಬೆನ್ನ ಹಿಂದೆ.

"ಆಂಟಿ, ನಾನು ಬರ್ತಾ ಬಿಸ್ಕತ್ತು ತಿಂದೆ. ಕೈ ತೊಳ್ಕೊಂಡು ಬರ್ಲಾ?"

ಸೋಪು ಎಲ್ಲಿದೆ ಅಂತ ತೋರಿಸಿದೆ. ಮೊದಲ ತುಂಡು ಅವಳಿಗೇ ಕೊಟ್ಟೆ.