ಬಾಲಕಿಯರ ವಿಂಬಲ್ಡನ್ ಗೆದ್ದವರೂ ನೂರರೊಳಗೆ ಬರಲಿಲ್ಲ

ಟೆನಿಸ್ ತರಬೇತುದಾರನಾದ ಹೊಸತರಲ್ಲಿ, ಹದಿನಾರು ವರ್ಷದೊಳಗಿನವರ ವಿಭಾಗದಲ್ಲಿ ಮೇಲಿಂದ ಮೇಲೆ ಗೆಲ್ಲುತ್ತಿದ್ದ ಹುಡುಗಿಯೊಬ್ಬಳ ತಂದೆಗೆ, ‘ನಾಲ್ಕು ವರ್ಷ ತಡೆಯಿರಿ ಸರ್, ನಿಮ್ಮ ಮಗಳು ಗ್ರ್ಯಾನ್ ಸ್ಲಾಮ್ ಆಡುತ್ತಾಳೆ’ ಎಂದಿದ್ದೆ. ಅವರು ನನ್ನ ಮಾತನ್ನು ನಂಬಿ ಮಗಳ ಕಾಲೇಜು ಬಿಡಿಸಿದರು. ಆ ತಪ್ಪು ಸಂಪೂರ್ಣವಾಗಿ ನನ್ನದು.

ಅದನ್ನು ನನಗೆ ಮನಗಾಣಿಸಿದ್ದು ಥಾಯ್ಲೆಂಡಿನ ನೊಪ್ಪವನ್ ಲೆರ್ಟ್‌ಚೀವಕಾರ್ನ್ ಅವರ ವೃತ್ತಿಜೀವನ. ಫೋರ್‌ಹ್ಯಾಂಡನ್ನೂ ಎರಡು ಕೈಗಳಿಂದಲೇ ಹೊಡೆಯುವ ಈ ಆಟಗಾರ್ತಿ 2008ರ ವಿಂಬಲ್ಡನ್ ಬಾಲಕಿಯರ ಫೈನಲ್‌ನಲ್ಲಿ ಲಾರಾ ರಾಬ್ಸನ್‌ಗೆ ಸೋತರು. ಮರುವರ್ಷ ಮತ್ತೆ ಫೈನಲ್ ತಲುಪಿ, ಮೊದಲ ಸೆಟ್ ಕಳೆದುಕೊಂಡ ಮೇಲೂ ಕ್ರಿಸ್ಟಿನಾ ಮ್ಲಾಡೆನೊವಿಚ್ ಅವರನ್ನು 3–6, 6–3, 6–1ರಿಂದ ಮಣಿಸಿದರು. ಅಂದು ಸೋತ ಮ್ಲಾಡೆನೊವಿಚ್ 2017ರಲ್ಲಿ ವಿಶ್ವದ 10ನೇ ಸ್ಥಾನಕ್ಕೇರಿದರೆ, ಗೆದ್ದ ನೊಪ್ಪವನ್ ಸಿಂಗಲ್ಸ್‌ನಲ್ಲಿ ಮೊದಲ ನೂರರೊಳಗೆ ಒಮ್ಮೆಯೂ ಬರಲಿಲ್ಲ. ಇದನ್ನು ವೈಫಲ್ಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರಂತೆ 150ರ ಆಸುಪಾಸಿಗೆ ಏರುವುದೇ ಎಂಥ ಸಾಧನೆಯೆಂಬುದು ಈ ಕೆಲಸದಲ್ಲಿರುವವರಿಗೆ ಗೊತ್ತು.

ಆದರೆ ಆ ಸ್ಥಾನದಲ್ಲಿ ಬದುಕುವುದು ಕಷ್ಟ. ಗಳಿಸಿದ ರ‍್ಯಾಂಕಿಂಗ್ ಅಂಕಗಳು 52 ವಾರಗಳಲ್ಲಿ ಕಳಚಿಕೊಳ್ಳುವುದರಿಂದ, ಕಳೆದ ವರ್ಷ ಗೆದ್ದದ್ದನ್ನು ಈ ವರ್ಷ ಮತ್ತೆ ಗೆದ್ದರಷ್ಟೇ ಇದ್ದಲ್ಲಿ ಇರಬಹುದು. ಸುಮಾರು ನೂರರೊಳಗಿನವರಿಗೆ ಗ್ರ್ಯಾನ್ ಸ್ಲಾಮ್ ಮುಖ್ಯ ಸುತ್ತಿಗೆ ನೇರ ಪ್ರವೇಶ ಸಿಕ್ಕರೆ, ಅದರಾಚೆಗಿನ ಹೆಚ್ಚಿನವರು ಅರ್ಹತಾ ಸುತ್ತಿನಲ್ಲಿ ಮೂರು ಪಂದ್ಯ ಗೆಲ್ಲಬೇಕು. ಉಳಿದ ವಾರಗಳಲ್ಲಿ ಅವರು ಆಡುವ ಸಣ್ಣ ಟೂರ್ನಿಗಳಲ್ಲಿ ಎಲ್ಲ ಆಟಗಾರರಿಗೂ ಹಂಚುವ ಒಟ್ಟು ಬಹುಮಾನವೇ ಹದಿನೈದೋ ಮೂವತ್ತೋ ಸಾವಿರ ಡಾಲರ್. ವಿಮಾನದ ಟಿಕೆಟ್, ಕೋಚ್ ಸಂಬಳ, ರ‍್ಯಾಕೆಟ್ ತಂತಿಯ ಖರ್ಚನ್ನು ಅದರಲ್ಲೇ ತೂಗಿಸಬೇಕು. ಇದಾವುದನ್ನೂ ನಾನು ಆ ತಂದೆಗೆ ಹೇಳಿರಲಿಲ್ಲ, ಏಕೆಂದರೆ ನನಗೇ ಸರಿಯಾಗಿ ತಿಳಿದಿರಲಿಲ್ಲ.

ಈಗ ಪೋಷಕರು ಬಂದರೆ, ಮೊದಲು ಒಂದು ವರ್ಷದ ಖರ್ಚಿನ ಪಟ್ಟಿಯನ್ನು ಅವರೊಂದಿಗೆ ಕೂತು ಬರೆಯುತ್ತೇನೆ. ಪಿಯುಸಿ ಮುಗಿಯುವವರೆಗೆ ಓದು ಬಿಡಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಆ ಹುಡುಗಿ ಮುಂದೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪದವಿ ಮುಗಿಸಿದಳು. ಇಂದು ನಮ್ಮಲ್ಲೇ ಚಿಕ್ಕ ಮಕ್ಕಳಿಗೆ ಕಲಿಸುವ ಅವಳು ಆ ಮಾತುಕತೆಗಳಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಾಳೆ. ಪ್ರಯಾಣದ ಲೆಕ್ಕವನ್ನು ಅವಳೇ ಬರೆಸುತ್ತಾಳೆ.