ಕ್ಯಾಮೆರಾ ಹೊತ್ತು ಹಂಪಿಗೆ: ಹೊರಡುವ ಮೊದಲು ಮೊಬೈಲಿನಲ್ಲಿ ಏನಿರಬೇಕು?

ಮತಂಗ ಬೆಟ್ಟದ ತುದಿಯಲ್ಲಿ ನಿಂತು, ಅಚ್ಯುತರಾಯ ದೇಗುಲದ ಹಿಂದಿನಿಂದ ಸೂರ್ಯ ಮೇಲೇರುವ ಚಿತ್ರ ತೆಗೆಯಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಮಾರ್ಚ್ ಮೊದಲ ವಾರದಲ್ಲಿ ಅದು ಆಗದ ಮಾತು ಎಂದು ಗೊತ್ತಾದದ್ದು ಬೆಟ್ಟದ ಮೇಲಲ್ಲ, ಮನೆಯಲ್ಲಿ ಊಟ ಮುಗಿಸಿ, ಸೂರ್ಯ ಚಂದ್ರರು ಯಾವಾಗ ಯಾವ ದಿಕ್ಕಿನಲ್ಲಿ ಇರುತ್ತಾರೆಂದು ನಕ್ಷೆಯ ಮೇಲೆ ತೋರಿಸುವ ಫೋಟೋಪಿಲ್ಸ್ ಆ್ಯಪ್ ತೆರೆದಾಗ. ದೇಗುಲ ಇರುವುದು ಬೆಟ್ಟದಿಂದ ಈಶಾನ್ಯದ ಕಡೆಗೆ. ಆ ವಾರ ಸೂರ್ಯ ಹುಟ್ಟುವುದು ನೇರ ಪೂರ್ವಕ್ಕಿಂತ ಏಳು ಡಿಗ್ರಿಯಷ್ಟು ದಕ್ಷಿಣಕ್ಕೆ. ಡಿಸೆಂಬರಿನಲ್ಲಾದರೆ 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ನಕ್ಷೆಯ ಮೇಲೆ ಎಳೆದ ಒಂದು ಹಳದಿ ಗೆರೆ ನನ್ನ ಯೋಜನೆಯನ್ನೇ ತಿದ್ದಿತು. ಹಿಂದಿನಿಂದ ಬೆಳಕು ಬಾರದಿದ್ದರೆ ಬೇಡ, ಬದಿಯಿಂದ ಬೀಳುವ ಬೆಳಕಿನಲ್ಲಿ ಮಂಟಪದ ಸಾಲುಕಂಬಗಳ ಉದ್ದ ನೆರಳು ಹಿಡಿಯೋಣ ಎಂದುಕೊಂಡು ಹೊರಟೆ. ನನಗೆ ಸಿಕ್ಕಿದ ಒಳ್ಳೆಯ ಚಿತ್ರ ಅದೇ.

ಆದ್ದರಿಂದ ಹಂಪಿಗೆ ಹೋಗುವವರಿಗೆ ನನ್ನ ಮೊದಲ ಮಾತು: ಆ್ಯಪ್‌ಗಳ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಳ್ಳಿ. ಬೆಳಕು ಕೈಗೆ ಸಿಗುವ ಇಪ್ಪತ್ತು ನಿಮಿಷಗಳಲ್ಲಿ ಮೊಬೈಲ್ ನೋಡುತ್ತಾ ಕೂತರೆ ಹೋದ ಕೆಲಸವೇ ಕೆಡುತ್ತದೆ. ಫೋಟೋಪಿಲ್ಸ್ ಹಣ ಕೊಟ್ಟು ಕೊಳ್ಳಬೇಕಾದ ಆ್ಯಪ್. ವರ್ಷಕ್ಕೆ ಎರಡು ಸಲವಾದರೂ ಹೊರಗೆ ಹೋಗಿ ಚಿತ್ರ ತೆಗೆಯುವವರಿಗೆ ಆ ಹಣ ದಂಡವಲ್ಲ.

ದಿನ ಗೊತ್ತುಮಾಡುವಾಗ ಆ್ಯಪ್ ಹೇಳದ ಒಂದು ಸಂಗತಿಯಿದೆ. ಆಕಾಶಗಂಗೆಯ ಚಿತ್ರಕ್ಕೆ ಕತ್ತಲು ಬೇಕು, ಹಾಗಾಗಿ ಎಲ್ಲರೂ ಅಮಾವಾಸ್ಯೆಯನ್ನೇ ಹುಡುಕುತ್ತಾರೆ. ಆದರೆ ಮಾಘ ಬಹುಳ ಅಮಾವಾಸ್ಯೆಯ ಹಿಂದಿನ ದಿನವೇ ಮಹಾಶಿವರಾತ್ರಿ. ವಿರೂಪಾಕ್ಷನ ಸನ್ನಿಧಿಯಲ್ಲಿ ಅಂದು ಜನಸಾಗರ, ರಾತ್ರಿಯಿಡೀ ದೀಪ. ಪಂಚಾಂಗ ನೋಡದೆ ಕೊಠಡಿ ಕಾಯ್ದಿರಿಸಲು ಹೋದಾಗ ಎಲ್ಲೂ ಜಾಗವಿಲ್ಲದೆ ನನಗೆ ಇದು ಅರಿವಾಯಿತು. ನಾಲ್ಕು ದಿನ ಮುಂದೂಡಿದೆ. ಅದರಿಂದ ನಷ್ಟವೇನೂ ಆಗಲಿಲ್ಲ. ಅಮಾವಾಸ್ಯೆಯ ನಂತರದ ಚಂದ್ರ ರಾತ್ರಿ ಬೇಗ ಮುಳುಗುತ್ತಾನೆ, ಬೆಳಗಿನ ಜಾವ ಪೂರ್ತಿ ಕತ್ತಲಾಗಿಯೇ ಉಳಿಯುತ್ತದೆ. ಮಾರ್ಚ್ ಆರಂಭದಲ್ಲಿ ಆಕಾಶಗಂಗೆಯ ದಟ್ಟವಾದ ನಡುಭಾಗ ರಾತ್ರಿ ಎರಡು ಗಂಟೆ ಹೊಡೆದ ನಂತರ ಆಗ್ನೇಯದಲ್ಲಿ ಏಳುತ್ತದೆ. ಐದೂವರೆಯ ಹೊತ್ತಿಗೆ ಮೂಡಣ ಬೆಳಗತೊಡಗುತ್ತದೆ. ಕೈಗೆ ಸಿಗುವುದು ಅಷ್ಟೇ ಹೊತ್ತು. ಇದನ್ನು ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಮ್ ಆ್ಯಪ್‌ನಲ್ಲಿ ಮುಂಚೆಯೇ ನೋಡಿಟ್ಟುಕೊಳ್ಳಬಹುದು. ಅದರ ಕೆಂಪು ಬಣ್ಣದ ರಾತ್ರಿ ಪರದೆಯನ್ನು ಬಳಸಿದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುವುದಿಲ್ಲ.

ನಕ್ಷತ್ರಗಳ ಚಿತ್ರಕ್ಕೆಂದು ರಾತ್ರಿ ಬೆಟ್ಟ ಹತ್ತಬೇಡಿ, ನಿರ್ಜನವಾದ ಬಂಡೆಗಳ ನಡುವೆ ಕೂರಬೇಡಿ. ಯಾವ ಚಿತ್ರಕ್ಕೂ ಆ ಅಪಾಯದ ಬೆಲೆ ಇಲ್ಲ. ನಾನು ಹೊಳೆಯಾಚೆಯ ಆನೆಗೊಂದಿಯಲ್ಲಿ ಉಳಿದುಕೊಂಡಿದ್ದ ಮನೆಯ ತಾರಸಿಯಲ್ಲೇ ಟ್ರೈಪಾಡ್ ಇಟ್ಟೆ. ಮನೆಯವರನ್ನು ಕೇಳಿ ಅಂಗಳದ ದೀಪ ಆರಿಸಿಕೊಂಡೆ. ಎದುರಿಗೆ ತೆಂಗಿನ ಗರಿಗಳು, ಅವುಗಳ ಹಿಂದೆ ಬಂಡೆಗುಡ್ಡದ ಕಪ್ಪು ಅಂಚು, ಅದರ ಮೇಲೆ ವೃಶ್ಚಿಕದ ಕೊಂಡಿ. ನನ್ನದು 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ, 16 ಮಿ.ಮೀ. ಲೆನ್ಸ್, ಅದರ ತೆರಪು ಎಫ್ 2.8. ನಕ್ಷತ್ರಗಳು ಗೆರೆಯಾಗದಂತೆ ಷಟರನ್ನು ಎಷ್ಟು ಹೊತ್ತು ತೆರೆದಿಡಬಹುದು ಎಂಬುದಕ್ಕೆ ಹಳೆಯ 500ರ ಲೆಕ್ಕ ಹಿಡಿದರೆ 20 ಸೆಕೆಂಡ್. ಲೆನ್ಸಿನ ತೆರಪನ್ನೂ ಪಿಕ್ಸೆಲ್‌ಗಳ ಗಾತ್ರವನ್ನೂ ಸೇರಿಸಿಕೊಳ್ಳುವ ಎನ್‌ಪಿಎಫ್ ಸೂತ್ರದ ಕಟ್ಟುನಿಟ್ಟಿನ ಲೆಕ್ಕ ಹೇಳುವುದು 13ರಿಂದ 15 ಸೆಕೆಂಡ್. ಎರಡೂ ತೆಗೆದು ಹಿಗ್ಗಿಸಿ ನೋಡಿದೆ. ಮೊದಲನೆಯದರಲ್ಲಿ ನಕ್ಷತ್ರಗಳು ಜೀರಿಗೆಯಂತೆ ಉದ್ದವಾಗಿದ್ದವು, ಎರಡನೆಯದರಲ್ಲಿ ಸಾಸಿವೆಯಂತೆ ದುಂಡಗಿದ್ದವು.

ಆನೆಗೊಂದಿಯಲ್ಲಿ ಇದ್ದುಕೊಂಡು ಮತಂಗದ ಸೂರ್ಯೋದಯಕ್ಕೆ ಹೋಗುತ್ತೇನೆ ಎನ್ನುವವರು ಎಚ್ಚರ ವಹಿಸಬೇಕು. ನಕ್ಷೆಯಲ್ಲಿ ಎರಡೂ ಕೂಗಳತೆಯಲ್ಲಿ ಇರುವಂತೆ ಕಾಣುತ್ತವೆ. ನಡುವೆ ತುಂಗಭದ್ರೆ ಇದ್ದಾಳೆ. ಆ ಹೊತ್ತಿನಲ್ಲಿ ತಳವಾರಘಟ್ಟದ ದೋಣಿಯನ್ನು ನಂಬಿ ಕೂರಲಾಗದು, ಕಡೆಬಾಗಿಲು–ಬುಕ್ಕಸಾಗರ ಸೇತುವೆ ಸುತ್ತಿ ಬರಬೇಕು. ಮತಂಗಕ್ಕಾಗಿ ಹಂಪಿ ಅಥವಾ ಕಮಲಾಪುರದ ಕಡೆ ಒಂದು ರಾತ್ರಿ, ನಕ್ಷತ್ರಗಳಿಗಾಗಿ ಆನೆಗೊಂದಿಯಲ್ಲಿ ಒಂದು ರಾತ್ರಿ ಉಳಿಯುವುದು ಸರಿ. ಹೊಸಪೇಟೆಯಲ್ಲಿ ಇರುವಾಗಲೇ ಗೂಗಲ್ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಬಂಡೆಗಳ ಸಂದಿಯಲ್ಲಿ ಸಿಗ್ನಲ್ ಹೋದರೂ ಜಿಪಿಎಸ್ ಕೆಲಸ ಮಾಡುತ್ತದೆ.

ನಾನು ಒಂದು ಕಡೆ ಎಡವಿದೆ. ಹೇಮಕೂಟ ಬೆಟ್ಟದ ಮೇಲೆ ಸೂರ್ಯಾಸ್ತಕ್ಕೆ ಜಾಗ ಗುರುತಿಸುವಾಗ ಫೋನಿನ ದಿಕ್ಸೂಚಿ ತಪ್ಪು ದಿಕ್ಕು ತೋರಿಸಿತು. ಅದನ್ನು ನಂಬಿ ಮುಕ್ಕಾಲು ಗಂಟೆ ತಪ್ಪು ಬಂಡೆಯ ಬಳಿ ಕಾದೆ. ಕಾರಣ ಫೋನಿನ ಕವರು: ಅದರ ಮುಚ್ಚಳದಲ್ಲಿ ಪುಟ್ಟ ಅಯಸ್ಕಾಂತವಿತ್ತು. ಅಂಥ ಕವರನ್ನು ತೆಗೆದಿಡಿ, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ ದಿಕ್ಸೂಚಿ ಸರಿಪಡಿಸಿಕೊಳ್ಳಿ, ಆಮೇಲೆ ಕಣ್ಣೆದುರು ಇರುವ ಸೂರ್ಯನಿಗೇ ಹಿಡಿದು ತಾಳೆ ನೋಡಿ.

ಮೋಡ ನೋಡಲು ವಿಂಡಿ ಎಂಬ ಹವಾಮಾನದ ಆ್ಯಪ್ ಸಾಕು. ಅದರಲ್ಲಿ ಕೆಳಗಿನ, ನಡುವಿನ, ಮೇಲಿನ ಮೋಡಗಳನ್ನು ಬೇರೆ ಬೇರೆಯಾಗಿ ನೋಡಬಹುದು. ಎತ್ತರದ ತೆಳುಮೋಡವಿದ್ದರೆ ಸಂಜೆ ಬಣ್ಣ ಕಟ್ಟುತ್ತದೆ, ದಿಗಂತದಲ್ಲಿ ಕೆಳಮೋಡ ಕವಿದಿದ್ದರೆ ಕಷ್ಟ. ಮಳೆಗಾಲದ ಹಿಂದುಮುಂದೆ ಹೋಗುವವರು ದಾಮಿನಿ ಆ್ಯಪನ್ನೂ ಹಾಕಿಕೊಳ್ಳಿ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ಅದು ಸಮೀಪದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಬೋಳು ಬಂಡೆಯ ಮೇಲೆ ಲೋಹದ ಟ್ರೈಪಾಡ್ ಹಿಡಿದು ನಿಲ್ಲುವವನಿಗೆ ಇದು ಮುಖ್ಯ.

ಹಕ್ಕಿಗಳ ಆಸಕ್ತಿಯಿದ್ದರೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ಆ್ಯಪ್ ಉಚಿತವಾಗಿದೆ. ಭಾರತದ ಹಕ್ಕಿಗಳ ಕಂತೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಕೂಗು ಕೇಳಿ ಹೆಸರು ಸೂಚಿಸುತ್ತದೆ. ಹಂಪಿಯ ಬಂಡೆಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ, ಹುಡುಕಿ. ಆದರೆ ಅದೇ ಆ್ಯಪ್‌ನಲ್ಲಿರುವ ಕೂಗನ್ನು ಜೋರಾಗಿ ನುಡಿಸಿ ಹಕ್ಕಿಯನ್ನು ಕರೆಯಬೇಡಿ. ತನ್ನ ನೆಲೆಗೆ ಇನ್ನೊಂದು ಹಕ್ಕಿ ನುಗ್ಗಿತೆಂದು ಅದು ಗೂಡು, ಮೇವು ಬಿಟ್ಟು ಅಲೆಯುತ್ತದೆ.

ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಟ್ರೈಪಾಡ್‌ಗೂ ಡ್ರೋನ್‌ಗೂ ಮುಂಚಿತವಾಗಿ ಅನುಮತಿ ಪಡೆಯಬೇಕು.

ಕೊನೆಯ ದಿನವನ್ನು ವಿರೂಪಾಕ್ಷ ದೇಗುಲಕ್ಕೆ ಇಟ್ಟುಕೊಳ್ಳಿ. ಗರ್ಭಗುಡಿಯ ಹಿಂಬದಿಯ ಕತ್ತಲ ಕೋಣೆಯಲ್ಲಿ ಸಣ್ಣ ಕಿಂಡಿಯೊಂದರಿಂದ ಬೆಳಕು ತೂರಿ ಬಂದು, ರಾಜಗೋಪುರದ ಬಿಂಬ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಸೂಜಿರಂಧ್ರದ ಕ್ಯಾಮೆರಾದ ತತ್ವವೂ ಇದೇ. ಬಿಂಬ ಬಹಳ ಮಸುಕು, ಕಣ್ಣು ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಒಳಗೆ ಹೋಗುವ ಮೊದಲು ಮೊಬೈಲ್ ಪರದೆಯನ್ನು ಆರಿಸಿ ಜೇಬಿಗೆ ಹಾಕಿಕೊಳ್ಳಿ. ನಾನು ಹೋದಾಗ ಯಾರದೋ ಫೋನಿನ ಬೆಳಕು ಗೋಡೆಗೆ ಬಿದ್ದು ಗೋಪುರ ಅಳಿಸಿಹೋಯಿತು. ಅವರು ಆರಿಸಿದ ಮೇಲೆ ಕಳಸದ ಕಡೆಯಿಂದ ಮತ್ತೆ ಮೆಲ್ಲನೆ ಮೂಡಿತು.