ಚಿಗಟ, ಕೈವಾರ ಮತ್ತು ‘ಆಗಲೇ ಆಗಿಹೋಗಿದೆ’ ಅನ್ನೋ ವಾದ

ಇಂಗ್ಲಿಷ್ ಕವಿ ಜಾನ್ ಡನ್‌ನ ‘ದ ಫ್ಲೀ’ (ಚಿಗಟ) ಒಟ್ಟು 27 ಸಾಲಿನ ಕವಿತೆ, 9 ಸಾಲಿನ 3 ಪದ್ಯ ಅಷ್ಟೇ. ಒಂದು ಚಿಗಟ ಮೊದಲು ಪ್ರೇಮಿಯನ್ನ ಕಚ್ಚಿದೆ, ಆಮೇಲೆ ಅವನು ಬಯಸೋ ಹುಡುಗಿಯನ್ನ ಕಚ್ಚಿದೆ, ಅವನು ಅದನ್ನೇ ತೋರಿಸಿ ನೋಡು ನಮ್ಮಿಬ್ಬರ ರಕ್ತ ಇದರ ಹೊಟ್ಟೇಲಿ ಸೇರಿಹೋಗಿದೆ, ಇದನ್ನ ಯಾರೂ ಪಾಪ ಅನ್ನಲ್ಲ, ಮಾನ ಹೋಯ್ತು ಅನ್ನಲ್ಲ, ಹಾಗಿದ್ಮೇಲೆ ನೀನು ಒಲ್ಲೆ ಅನ್ನೋದು ಯಾಕೆ ಅಂತ ಕೇಳ್ತಾನೆ. ಮೊದಲ ಸಲ ಓದಿದವರಿಗೆ ಇದೆಂಥ ವಿಚಿತ್ರ ಹೋಲಿಕೆ ಅನ್ಸುತ್ತೆ. ಆದ್ರೆ ಆ ಕಾಲದ ವೈದ್ಯರ ಲೆಕ್ಕದಲ್ಲಿ ವೀರ್ಯ ಅನ್ನೋದೇ ರಕ್ತ ಪಾಕವಾಗಿ ಆಗೋದು, ಗಂಡು ಹೆಣ್ಣು ಕೂಡೋದು ಅಂದ್ರೆ ಎರಡು ರಕ್ತ ಬೆರೆಯೋದು. ಅಂದ್ರೆ ಅವನು ಚಿಗಟವನ್ನ ಬರೀ ಹೋಲಿಕೆಗೆ ತಂದಿಲ್ಲ, ಸಾಕ್ಷಿಗೆ ತಂದಿದಾನೆ.

ಮೆಟಫಿಸಿಕಲ್ ಕವಿಗಳ, ಅಂದ್ರೆ 17ನೇ ಶತಮಾನದ ಇಂಗ್ಲೆಂಡಲ್ಲಿ ದೂರದ ಹೋಲಿಕೆ ಹಿಡಿದು ತರ್ಕ ಹೂಡ್ತಿದ್ದ ಡನ್ ಥರದ ಕವಿಗಳ, ಪ್ರೇಮ ಕವಿತೆಗಳಲ್ಲಿ ನನ್ನನ್ನ ಹಿಡಿದು ನಿಲ್ಲಿಸೋದು ಇದೇ. ಅವತ್ತಿನ ಇಂಗ್ಲೆಂಡಲ್ಲಿ ಪ್ರೇಮ ಕವಿತೆ ಅಂದ್ರೆ ಹೆಚ್ಚಾಗಿ ಬೇಡಿಕೊಳ್ಳೋದು, ಕಣ್ಣು ಸೂರ್ಯ, ತುಟಿ ಹವಳ, ನೀನು ಒಲಿಯದಿದ್ರೆ ಸಾಯ್ತೀನಿ. ಚಿಗಟದ ಮೇಲೆ ಕವಿತೆ ಬರೆಯೋದೂ 16ನೇ ಶತಮಾನದ ಯುರೋಪಲ್ಲಿ ಒಂದು ಫ್ಯಾಶನ್ನೇ ಆಗಿತ್ತು, ಅಲ್ಲಿ ಕವಿ ಅವಳ ಮೈಮೇಲೆ ಓಡಾಡೋ ಚಿಗಟವನ್ನ ನೋಡಿ ಹೊಟ್ಟೆಕಿಚ್ಚು ಪಡ್ತಿದ್ದ. ಡನ್ ಮಾಡಿದ ಬದಲಾವಣೆ ಸಣ್ಣದು, ಚಿಗಟ ಇಬ್ಬರನ್ನೂ ಕಚ್ಚೋ ಹಾಗೆ ಮಾಡಿದ. ಅಷ್ಟರಿಂದ ಬೇಡಿಕೆ ಹೋಗಿ ವಾದ ಬಂತು. ‘ನನಗೆ ಕೊಡು’ ಅನ್ನೋ ಕಡೆ ‘ಆಗಲೇ ಆಗಿಹೋಗಿದೆ, ನೀನು ಒಪ್ಕೊಳ್ಳೋದಷ್ಟೇ ಬಾಕಿ’ ಅನ್ನೋ ವರಸೆ. ಇದು ಡನ್‌ನ ಖಾಸಾ ವರಸೆ ಅಂತ ನಾನು ನಂಬ್ತೀನಿ.

ಆ ಹುಡುಗಿ ಏನ್ ಮಾಡ್ತಾಳೆ ನೋಡಿ. ಕವಿತೆ ತುಂಬ ಅವಳು ಒಂದು ಮಾತೂ ಆಡಲ್ಲ, ಆದ್ರೆ ಪದ್ಯ ಪದ್ಯದ ನಡುವಿನ ಖಾಲಿ ಜಾಗದಲ್ಲಿ ಕೆಲಸ ಮಾಡ್ತಾಳೆ. ಮೊದಲ ಪದ್ಯ ಮುಗಿದ ತಕ್ಷಣ ಚಿಗಟ ಕೊಲ್ಲೋಕೆ ಕೈ ಎತ್ತಿರಬೇಕು, ಯಾಕಂದ್ರೆ ಎರಡನೇ ಪದ್ಯ ‘ನಿಲ್ಲು’ ಅಂತ ಶುರುವಾಗುತ್ತೆ. ಈಗ ಅವನ ವಾದ ಏಕ್‌ದಂ ದೊಡ್ಡದಾಗುತ್ತೆ, ಈ ಚಿಗಟ ನೀನೂ ನಾನೂ, ನಮ್ಮ ಮದುವೆ ಮಂಚ, ಮದುವೆ ನಡೆಯೋ ಗುಡಿ, ಇದನ್ನ ಕೊಂದ್ರೆ ಮೂರು ಜೀವ ತೆಗೆದ ಮೂರು ಪಾಪ ಅಂತಾನೆ. ಅವಳು ಕೇಳಲ್ಲ, ಕೊಂದೇಬಿಡ್ತಾಳೆ, ಮೂರನೇ ಪದ್ಯದ ಹೊತ್ತಿಗೆ ಅವಳ ಉಗುರು ಕೆಂಪಾಗಿದೆ. ನೋಡು ನನಗೂ ಏನೂ ಆಗಿಲ್ಲ ನಿನಗೂ ಏನೂ ಆಗಿಲ್ಲ ಅಂತ ಅವಳು ಹೇಳಿದ್ದನ್ನ ಅವನ ಬಾಯಲ್ಲೇ ಕೇಳ್ತೀವಿ. ಗುಡಿ ಮಂಚ ಎಲ್ಲ ಒಂದು ಉಗುರಿನ ಕೆಳಗೆ ಮುಗಿದುಹೋಯ್ತು. ತಕ್ಷಣ ಅವನು ಮಗ್ಗುಲು ಬದಲಿಸ್ತಾನೆ, ಸರಿ, ಚಿಗಟ ಸತ್ತಾಗ ನಿನ್ನ ಜೀವ ಎಷ್ಟು ಹೋಯ್ತೋ ನನಗೆ ಒಲಿದಾಗ ನಿನ್ನ ಮಾನವೂ ಅಷ್ಟೇ ಹೋಗೋದು ಅಂತ. ಎರಡನೇ ಪದ್ಯದಲ್ಲಿ ಚಿಗಟದ ಸಾವು ಮಹಾಪಾಪ, ಮೂರನೇದ್ರಲ್ಲಿ ಏನೇನೂ ಅಲ್ಲ. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯ ಇಲ್ಲ ಅಂತ ಓದುಗನಿಗೆ ಗೊತ್ತಾಗೋ ಹಾಗೇ ಬರೆದಿದಾನೆ. ನನ್ನ ಪ್ರಕಾರ ಕವಿತೆಯ ಜೀವ ಇರೋದೇ ಆ ಎರಡು ಖಾಲಿ ಜಾಗದಲ್ಲಿ, ಅವಳು ಕೊಡೋ ಪೆಟ್ಟಿಗೆ ರೂಪಕ ಮುರಿಯುತ್ತೆ, ಮುರಿದದ್ದನ್ನೇ ಎತ್ತಿಕೊಂಡು ಅವನು ಮತ್ತೆ ಶುರು ಮಾಡ್ತಾನೆ.

ಈ ವಕೀಲಿ ಬುದ್ಧಿ ಸುಮ್ನೆ ಬಂದದ್ದಲ್ಲ. ಡನ್ 1592ರಲ್ಲಿ ಲಂಡನ್ನಿನ ಲಿಂಕನ್ಸ್ ಇನ್ ಸೇರಿ ಕಾನೂನು ಓದಿದವನು, ಅಲ್ಲಿ ಕಲ್ಪಿತ ಕೇಸು ಹಿಡಿದು ವಾದ ಮಾಡೋದೇ ಪಾಠ. ಕವಿತೆಗಳು ಕೈಬರಹದ ಪ್ರತಿಗಳಲ್ಲಿ ಗೆಳೆಯರ ನಡುವೆ ಓಡಾಡ್ತಿದ್ವು, ಪುಸ್ತಕವಾಗಿ ಅಚ್ಚಾಗಿದ್ದು 1633ರಲ್ಲಿ, ಅವನು ಸತ್ತು ಎರಡು ವರ್ಷಕ್ಕೆ. ಹಾಗಾಗಿ ವಾದ ಕೇಳಿಸ್ಕೊಳ್ತಿರೋಳು ಕವಿತೆಯೊಳಗಿನ ಹುಡುಗಿ, ಅದಕ್ಕೆ ಮಾರ್ಕ್ಸ್ ಹಾಕ್ತಿರೋರು ಕಾನೂನು ಓದಿದ ಗೆಳೆಯರು.

ಇದೇ ಗುಂಪಿನ ಇನ್ನೊಬ್ಬ ಕವಿ ಆಂಡ್ರ್ಯೂ ಮಾರ್ವೆಲ್‌ನ ‘ಟು ಹಿಸ್ ಕಾಯ್ ಮಿಸ್ಟ್ರೆಸ್’ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಆಗಿಹೋದದ್ದು ಏನೂ ಇಲ್ಲ, ಎಲ್ಲ ಮುಂದಿನ ಮಾತು. ನಮಗೆ ಬೇಕಾದಷ್ಟು ಟೈಮ್ ಇದ್ದಿದ್ರೆ ನೀನು ಗಂಗಾ ತೀರದಲ್ಲಿ ಮಾಣಿಕ್ಯ ಹುಡುಕ್ತಿದ್ದೆ, ನಾನು ಹಂಬರ್ ನದಿ ದಡದಲ್ಲಿ ಕೊರಗ್ತಿದ್ದೆ, ನಿನ್ನ ಕಣ್ಣು ಹೊಗಳೋಕೆ 100 ವರ್ಷ, ಒಂದೊಂದು ಮೊಲೆಗೆ 200, ಉಳಿದದ್ದಕ್ಕೆ 30,000. ಆದರೆ ಟೈಮ್ ಇಲ್ಲ, ಗೋರಿಯಲ್ಲಿ ಹುಳಗಳು ನೀನು ಕಾಪಾಡಿಕೊಂಡ ಕನ್ಯತ್ವವನ್ನ ಮುಗಿಸ್ತವೆ, ಆದ್ದರಿಂದ ಈಗಲೇ ಬಾ. ಇದ್ದಿದ್ರೆ, ಆದರೆ, ಆದ್ದರಿಂದ ಅಂತ ಮೂರು ಮೆಟ್ಟಿಲು, ತರ್ಕಶಾಸ್ತ್ರದ ಹಾಗೇ ಕಾಣುತ್ತೆ. ಟೈಮ್ ಇದ್ದಿದ್ರೆ ನಿನ್ನ ಸಂಕೋಚ ತಪ್ಪಲ್ಲ, ಟೈಮ್ ಇಲ್ಲ, ಹಾಗಾಗಿ ಸಂಕೋಚ ತಪ್ಪು ಅಂತ ಬಿಡಿಸಿ ಬರೆದ್ರೆ ಮಾತ್ರ ವಾದ ನಿಲ್ಲಲ್ಲ, ಮೊದಲಿನದು ಸುಳ್ಳಾದ ಮಾತ್ರಕ್ಕೆ ಎರಡನೇದು ಸುಳ್ಳಾಗಬೇಕಿಲ್ಲ. ಓದ್ತಾ ಇದು ಗೊತ್ತೇ ಆಗಲ್ಲ, ಬೆನ್ನ ಹಿಂದೆ ಕಾಲದ ರೆಕ್ಕೆ ರಥದ ಸದ್ದು ಕೇಳಿಸಿದ ಮೇಲೆ ಯಾರು ತರ್ಕ ನೋಡ್ತಾರೆ. ಲಯ ಅದ್ಭುತ. ಆದ್ರೆ ಅಲ್ಲಿ ರೂಪಕ ಅವಳನ್ನ ಹೆದರಿಸುತ್ತೆ, ತಿರುಗಿ ಪೆಟ್ಟು ಕೊಡೋಕೆ ಅವಳಿಗೆ ಒಂದು ಉಗುರಿನಷ್ಟೂ ಜಾಗ ಇಲ್ಲ, ಅದಕ್ಕೇ ನನಗೆ ಚಿಗಟವೇ ಹೆಚ್ಚು.

ಇದೆಲ್ಲಕ್ಕಿಂತ ನನಗೆ ಪ್ರೀತಿ ಇರೋದು ಡನ್‌ನದೇ ‘ಎ ವ್ಯಾಲಿಡಿಕ್ಷನ್: ಫರ್ಬಿಡಿಂಗ್ ಮೌರ್ನಿಂಗ್’ ಮೇಲೆ. 1611ರಲ್ಲಿ ಫ್ರಾನ್ಸಿಗೆ ಹೊರಡುವಾಗ ಹೆಂಡತಿ ಆನ್‌ಗೆ ಬರೆದದ್ದು ಅಂತ ಅವನ ಜೀವನಚರಿತ್ರೆ ಬರೆದ ಐಸಾಕ್ ವಾಲ್ಟನ್ ಹೇಳ್ತಾನೆ. ಇಲ್ಲೂ ಮನವೊಲಿಸೋದೇ, ಆದ್ರೆ ಕೇಳ್ತಿರೋದು ಅಳಬೇಡ ಅನ್ನೋದೊಂದೇ. ಮೊದಲು ಸಜ್ಜನರು ಸದ್ದಿಲ್ಲದೆ ಪ್ರಾಣ ಬಿಡೋ ಹಾಗೆ ಬೇರೆಯಾಗೋಣ ಅಂತಾನೆ, ಆಮೇಲೆ ಭೂಕಂಪ ಮತ್ತು ಆಕಾಶಗೋಳಗಳ ನಡುಕ ಬರುತ್ತೆ, ಆಮೇಲೆ ಗಾಳಿಯಷ್ಟು ತೆಳ್ಳಗೆ ಬಡಿದರೂ ಹರಿಯದ ಚಿನ್ನ, ನಮ್ಮಿಬ್ಬರ ಆತ್ಮ ಒಂದೇ, ಅದು ಹಿಗ್ಗುತ್ತೆ ಹೊರತು ತುಂಡಾಗಲ್ಲ ಅಂತ. ಆಮೇಲೆ ತಾನೇ ಒಂದು ಹೆಜ್ಜೆ ಹಿಂದೆ ಸರೀತಾನೆ, ಸರಿ, ಎರಡೇ ಅಂತ ಇಟ್ಕೋ, ಆಗ ಕೈವಾರದ ಎರಡು ಕಾಲಿನ ಹಾಗೆ ಎರಡು. ಹೊರಗಿನ ಕಾಲು ದೂರ ಹೋದಷ್ಟೂ ನಡುವಿನ ಕಾಲು ಅದರ ಕಡೆ ವಾಲುತ್ತೆ, ಹತ್ತಿರ ಬಂದಾಗ ನೆಟ್ಟಗೆ ನಿಲ್ಲುತ್ತೆ. ಕೈವಾರ ಕೈಯಲ್ಲಿ ಹಿಡಿದು ನಿಧಾನಕ್ಕೆ ಬಿಚ್ಚಿ ನೋಡಿ, ಅಕ್ಷರಶಃ ಹಾಗೇ ಆಗುತ್ತೆ, ಒಂದು ಕೂದಲೆಳೆಯೂ ಸುಳ್ಳಿಲ್ಲ. ಇನ್ನೊಂದು, ರಸವಾದಿಗಳು ಚಿನ್ನಕ್ಕೆ ಬಳಸ್ತಿದ್ದ ಗುರುತು ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆ. ಕೈವಾರ ಕಾಗದದ ಮೇಲೆ ಬಿಟ್ಟುಹೋಗೋದೂ ಅದನ್ನೇ. ಎರಡು ರೂಪಕ ಒಳಗೊಳಗೇ ಕೈ ಹಿಡ್ಕೊಂಡಿವೆ.

1779ರಲ್ಲಿ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ ಈ ಮೆಟಫಿಸಿಕಲ್ ಕವಿಗಳು ಸಂಬಂಧವೇ ಇಲ್ಲದ ವಿಚಾರಗಳನ್ನ ಬಲವಂತವಾಗಿ ಒಂದೇ ನೊಗಕ್ಕೆ ಕಟ್ತಾರೆ ಅಂತ ಬರೆದ. ಕೈವಾರದ ವಿಷಯದಲ್ಲಿ ನಾನಂತೂ ಒಪ್ಪಲ್ಲ, ಅಲ್ಲಿ ಬಲವಂತ ಏನಿದೆ, ತಲೆಯಲ್ಲಿ ಎರಡೂ ಕಾಲು ಮೊದಲೇ ಸೇರಿಕೊಂಡಿವೆ. ಮತ್ತೆ ಅದೇ ವರಸೆ ನೋಡಿ, ಕೂಡಿರೋದು ಆಗಲೇ ಆಗಿಹೋಗಿದೆ, ದೂರ ಅನ್ನೋದು ಬರೀ ಬಿಚ್ಚಿಕೊಳ್ಳೋದು.

ಇದೇ ವಾದವನ್ನ ಡನ್ ಬದುಕಲ್ಲೂ ಹೂಡಿದ್ದ. ಲಾರ್ಡ್ ಕೀಪರ್, ಅಂದ್ರೆ ರಾಜಮುದ್ರೆ ಕಾಯೋ ಹಿರಿಯ ಅಧಿಕಾರಿ, ಥಾಮಸ್ ಎಗರ್ಟನ್ ಹತ್ರ ಸೆಕ್ರೆಟರಿ ಆಗಿದ್ದಾಗ 1601ರ ಡಿಸೆಂಬರಲ್ಲಿ ಆ ಮನೆಯ ಸಂಬಂಧಿ ಹುಡುಗಿ ಆನ್ ಮೋರ್‌ಳನ್ನ ಗುಟ್ಟಾಗಿ ಮದುವೆಯಾದ. 1602ರ ಫೆಬ್ರವರಿಯಲ್ಲಿ ಮಾವ ಜಾರ್ಜ್ ಮೋರ್‌ಗೆ ಕಾಗದ ಬರೆದ, ಮೊದಲೇ ಸುಳಿವು ಕೊಟ್ಟಿದ್ರೆ ಎಲ್ಲ ಕೆಡ್ತಿತ್ತು, ಈಗ ಆಗಿಹೋಗಿದೆ, ತಿದ್ದೋಕೆ ಬರಲ್ಲ ಅಂತ. ಚಿಗಟ ಇಲ್ಲ ಕೈವಾರ ಇಲ್ಲ, ವರಸೆ ಮಾತ್ರ ಅದೇ. ಮಾವ ಕರಗಲಿಲ್ಲ, ಅಳಿಯನ ಕೆಲಸ ಹೋಯ್ತು, ಲಂಡನ್ನಿನ ಫ್ಲೀಟ್ ಜೈಲಿಗೂ ಹಾಕಿಸಿದ್ರು. ಏಪ್ರಿಲಲ್ಲಿ ಚರ್ಚಿನ ನ್ಯಾಯಾಲಯ ಮದುವೆ ಸಿಂಧು ಅಂತ ತೀರ್ಪು ಕೊಡ್ತು.